ವೋಲ್ಟೇಜ್ ಕುಸಿದಾಗ ಮೈಕ್ರೋಗ್ರಿಡ್ ಕಳಚಿಕೊಳ್ಳಬೇಕಾ, ನಿಲ್ಲಬೇಕಾ?

ಮೈಕ್ರೋಗ್ರಿಡ್ ಅಂದರೆ ದೊಡ್ಡ ಗ್ರಿಡ್‌ಗೆ ಜೋಡಿಸಿಕೊಂಡಿದ್ದರೂ ಬೇಕಾದಾಗ ಬೇರೆಯಾಗಿ ತಾನೇ ನಡೆಯಬಲ್ಲ ಸಣ್ಣ ವಿದ್ಯುತ್ ಜಾಲ. ಸಣ್ಣ ವಿದ್ಯುತ್ ಘಟಕಗಳನ್ನು ಗ್ರಿಡ್‌ಗೆ ಜೋಡಿಸಲು 2003ರಲ್ಲಿ ಎಂಜಿನಿಯರ್‌ಗಳ ಸಂಸ್ಥೆ ಐಇಇಇಯಿಂದ ‘1547’ ಎಂಬ ಮಾನದಂಡ ಬಂತು. ವೋಲ್ಟೇಜ್ ಅರ್ಧಕ್ಕಿಂತ ಕೆಳಗೆ ಬಿದ್ದರೆ 0.16 ಸೆಕೆಂಡಿನೊಳಗೆ ಕಳಚಿಕೊಳ್ಳಬೇಕು ಅಂತ ಅದರಲ್ಲಿತ್ತು. ವೋಲ್ಟೇಜ್ ಸರಿಪಡಿಸಲು ಈ ಘಟಕಗಳು ಕೈಹಾಕುವಂತೆಯೂ ಇರಲಿಲ್ಲ.

ಆಗ ಅದು ಸರಿಯಾದ ನಿಯಮವೇ. ಲೈನ್ ಆಫ್ ಆಗಿದೆ ಎಂದು ಲೈನ್‌ಮನ್ ಕಂಬ ಹತ್ತಿದ್ದಾಗ ಇನ್ನೊಂದು ತುದಿಯಿಂದ ಕರೆಂಟ್ ಹರಿದರೆ ಜೀವವೇ ಹೋಗುತ್ತದೆ. ಘಟಕಗಳೂ ಕಡಿಮೆ ಇದ್ದವು, ಕಳಚಿಕೊಂಡರೆ ಗ್ರಿಡ್‌ಗೆ ಗೊತ್ತೂ ಆಗುತ್ತಿರಲಿಲ್ಲ.

ಸೋಲಾರ್ ಜಾಸ್ತಿಯಾದ ಮೇಲೆ ಲೆಕ್ಕ ಬದಲಾಯಿತು. ದೂರದ ಲೈನಿನಲ್ಲಿ ಫಾಲ್ಟ್ (ಶಾರ್ಟ್ ಸರ್ಕ್ಯೂಟ್‌ನಂಥ ದೋಷ) ಆದರೂ ಸುತ್ತ ಎಲ್ಲೆಡೆ ವೋಲ್ಟೇಜ್ ಕುಸಿಯುತ್ತದೆ. ದೊಡ್ಡ ಲೈನುಗಳಲ್ಲಿ ರಿಲೇ ಎಂಬ ರಕ್ಷಣಾ ಸಾಧನಕ್ಕೆ ಕೆಟ್ಟ ಭಾಗವನ್ನು ಬೇರ್ಪಡಿಸಲು ಕರೆಂಟಿನ ಅಲೆಯ ಕೆಲವೇ ಸೈಕಲ್ ಸಾಕು, ಅಂದರೆ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು. ಅಷ್ಟರೊಳಗೆ ಎಲ್ಲರೂ ಬಿಟ್ಟುಹೋದರೆ? 2016ರ ಆಗಸ್ಟ್ 16ರಂದು ಕ್ಯಾಲಿಫೋರ್ನಿಯಾದ ಬ್ಲೂ ಕಟ್ ಕಾಡ್ಗಿಚ್ಚಿನಿಂದ ದೊಡ್ಡ ಲೈನುಗಳಲ್ಲಿ ಫಾಲ್ಟ್ ಆಗಿ, ಸುಮಾರು 1,200 ಮೆಗಾವ್ಯಾಟ್ ಸೋಲಾರ್ ಕೈತಪ್ಪಿತು. ಸೋಲಾರ್‌ನ ಡಿಸಿ ಕರೆಂಟನ್ನು ಗ್ರಿಡ್‌ನ ಎಸಿಗೆ ಬದಲಿಸುವ ಇನ್ವರ್ಟರ್‌ಗಳಲ್ಲಿ ಕೆಲವು ಫ್ರೀಕ್ವೆನ್ಸಿಯನ್ನು ತಪ್ಪಾಗಿ ಅಳೆದು ಟ್ರಿಪ್ ಆದವು. ಇನ್ನು ಕೆಲವು ವೋಲ್ಟೇಜ್ ಕಡಿಮೆಯಾಯಿತೆಂದು ಕರೆಂಟ್ ಕೊಡುವುದನ್ನೇ ನಿಲ್ಲಿಸಿದವು. 2018ರ ಹೊಸ 1547 ನಿಯಮ ತಿರುಗುಮುರುಗಾಯಿತು: ಇಷ್ಟು ಹೊತ್ತು ತಡೆದುಕೊಂಡು ಜೊತೆಗಿರಲೇಬೇಕು.

ಮೈಕ್ರೋಗ್ರಿಡ್‌ಗೆ ಇದು ಇನ್ನೂ ಕಷ್ಟ, ಯಾಕೆಂದರೆ ಅದಕ್ಕೆ ಬಿಟ್ಟುಹೋಗುವ ದಾರಿ ಇದೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ರಾಬರ್ಟ್ ಲ್ಯಾಸೆಟರ್ 2002ರ ಹೊತ್ತಿಗೆ ಮುಂದಿಟ್ಟ ಕಲ್ಪನೆಯಲ್ಲೇ ಗ್ರಿಡ್ ಕೆಟ್ಟ ಕೂಡಲೇ ಬೇರ್ಪಡಿಸುವ ವೇಗದ ಸ್ವಿಚ್ ಇತ್ತು. 2012ರ ಸ್ಯಾಂಡಿ ಚಂಡಮಾರುತದಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ ಗ್ರಿಡ್‌ನಿಂದ ಬೇರೆಯಾಗಿ ತನ್ನ ಗ್ಯಾಸ್ ಟರ್ಬೈನಿನಿಂದಲೇ ಕ್ಯಾಂಪಸ್ಸಿಗೆ ವಿದ್ಯುತ್ ಕೊಟ್ಟಾಗ ಅದರ ಬೆಲೆ ಎಲ್ಲರಿಗೂ ಕಂಡಿತು. ಆದರೆ ಪ್ರತಿ ಸಣ್ಣ ಕುಸಿತಕ್ಕೂ ಹಾಗೆ ಹೊರಟುಬಿಡುವುದು ನನ್ನ ಪ್ರಕಾರ ತಪ್ಪು. ಗ್ರಿಡ್‌ನಿಂದ ಪವರ್ ತೆಗೆದುಕೊಳ್ಳುತ್ತಿದ್ದ ಮೈಕ್ರೋಗ್ರಿಡ್ ಕಳಚಿಕೊಂಡ ಕ್ಷಣವೇ ಅದರೊಳಗೆ ಕೊರತೆ. ಗ್ರಿಡ್‌ಗೆ ಕೊಡುತ್ತಿದ್ದರೆ ಹೊರಗೆ ಕೊರತೆ.

ನಿಂತು ತಡೆದುಕೊಳ್ಳುವುದೂ ಸುಲಭವಲ್ಲ. ಇನ್ವರ್ಟರ್ ಒಳಗೆ ನೋಡಿ. ವೋಲ್ಟೇಜ್ ಅರ್ಧವಾದಾಗ ಅಷ್ಟೇ ಪವರ್ ಕೊಡಬೇಕೆಂದರೆ ಕರೆಂಟ್ ಎರಡರಷ್ಟಾಗಬೇಕು. ತಿರುಗುವ ಜನರೇಟರ್ ಸ್ವಲ್ಪ ಹೊತ್ತು ಐದಾರು ಪಟ್ಟು ಕರೆಂಟ್ ಕೊಟ್ಟೀತು. ಇನ್ವರ್ಟರ್‌ನ ಸೆಮಿಕಂಡಕ್ಟರ್ ಸ್ವಿಚ್‌ಗಳು ಸಾಮಾನ್ಯವಾಗಿ 1.1ರಿಂದ 1.2 ಪಟ್ಟಿಗೇ ಸುಸ್ತು. ಹಾಗಾಗಿ ಅದು ಪವರ್ ಇಳಿಸಿ, ಉಳಿದ ಸಾಮರ್ಥ್ಯವನ್ನು ರಿಯಾಕ್ಟಿವ್ ಕರೆಂಟ್‌ಗೆ, ಅಂದರೆ ಕೆಲಸ ಮಾಡದೆ ವೋಲ್ಟೇಜನ್ನು ಎತ್ತುವ ಕರೆಂಟ್‌ಗೆ ಬಳಸಬೇಕು. ಜೊತೆಗೆ, ಕುಸಿದ ವೋಲ್ಟೇಜಿನ ಅಲೆಯನ್ನೇ ಹಿಂಬಾಲಿಸುವ ಇನ್ವರ್ಟರ್‌ಗೆ ತಾಳ ತಪ್ಪದಂತೆ ನೋಡಿಕೊಳ್ಳುವ ಕೆಲಸವೂ ಇದೆ. ಫಾಲ್ಟ್ ಹೋದ ಮೇಲೂ ಕಾಟ ಮುಗಿಯುವುದಿಲ್ಲ: ನಿಧಾನವಾಗಿದ್ದ ಮೋಟಾರುಗಳು ಮತ್ತೆ ವೇಗ ಹಿಡಿಯಲು ಜಾಸ್ತಿ ಕರೆಂಟ್ ಎಳೆದು ವೋಲ್ಟೇಜನ್ನು ಏಳಲು ಬಿಡುವುದಿಲ್ಲ.

ಅದಕ್ಕೇ ಈಗ ಗಮನ ಗ್ರಿಡ್ ಫಾರ್ಮಿಂಗ್ ಇನ್ವರ್ಟರ್‌ಗಳ ಕಡೆಗಿದೆ. ಇವು ಹಿಂಬಾಲಿಸುವುದಿಲ್ಲ, ತಾವೇ ವೋಲ್ಟೇಜ್ ಕಟ್ಟಿ ನಿಲ್ಲಿಸುತ್ತವೆ. ದಕ್ಷಿಣ ಆಸ್ಟ್ರೇಲಿಯಾದ ಡಾಲ್ರಿಂಪಲ್‌ನಲ್ಲಿ 2018ರಲ್ಲಿ ಶುರುವಾದ 30 ಮೆಗಾವ್ಯಾಟ್ ಬ್ಯಾಟರಿ ಹೀಗೇ ಕೆಲಸ ಮಾಡುತ್ತದೆ. ಗ್ರಿಡ್ ಹೋದರೆ ಪಕ್ಕದ ವಾಟಲ್ ಪಾಯಿಂಟ್ ಗಾಳಿ ಘಟಕವನ್ನೂ ಜೊತೆಗಿಟ್ಟುಕೊಂಡು ಸುತ್ತಲಿನವರಿಗೆ ವಿದ್ಯುತ್ ಕೊಡಬಲ್ಲದು. ಆದರೂ ಕರೆಂಟ್ ಮಿತಿ ಇದನ್ನೂ ಬಿಟ್ಟಿಲ್ಲ. ಆಳವಾದ ಕುಸಿತದಲ್ಲಿ ಮಿತಿ ಮುಟ್ಟಿದ ಮೇಲೆ ಇದಕ್ಕೂ ವೋಲ್ಟೇಜ್ ಹಿಡಿದು ನಿಲ್ಲಿಸಲು ಆಗುವುದಿಲ್ಲ. ಸಂಶೋಧಕರು ಇಂದಿಗೂ ತಲೆಕೆಡಿಸಿಕೊಂಡಿರುವುದು ಇಲ್ಲೇ.

ಇಷ್ಟು ವರ್ಷ ಚರ್ಚೆ ಹೆಚ್ಚಾಗಿ ಕುಸಿತದ ಸುತ್ತಲೇ ನಡೆಯಿತು. 2025ರ ಏಪ್ರಿಲ್ 28ರಂದು ಸ್ಪೇನ್, ಪೋರ್ಚುಗಲ್ ಕತ್ತಲಾದದ್ದು ವೋಲ್ಟೇಜ್ ಏರಿದ್ದರಿಂದ. ಅಲ್ಲಿನ ಬಹಳಷ್ಟು ಸೋಲಾರ್, ಗಾಳಿ ಘಟಕಗಳು ಸ್ಥಿರ ಪವರ್ ಫ್ಯಾಕ್ಟರ್‌ನಲ್ಲಿ, ಅಂದರೆ ವೋಲ್ಟೇಜ್ ಎಷ್ಟೇ ಬದಲಾದರೂ ರಿಯಾಕ್ಟಿವ್ ಪವರ್‌ನ ಅನುಪಾತ ಬದಲಿಸದೆ ಓಡುತ್ತಿದ್ದವು. ಏರುತ್ತಿದ್ದ ವೋಲ್ಟೇಜನ್ನು ತಗ್ಗಿಸಲು ಅವು ರಿಯಾಕ್ಟಿವ್ ಪವರ್ ಹೀರಿಕೊಳ್ಳಲಿಲ್ಲ. ಒಂದೊಂದು ಘಟಕ ಟ್ರಿಪ್ ಆದಾಗಲೂ ವೋಲ್ಟೇಜ್ ಇನ್ನಷ್ಟು ಏರಿ, ಮುಂದಿನದನ್ನೂ ಹೊರಗೆ ತಳ್ಳಿತು.