ಮರದ ಬಾಕ್ಸ್‌ಕಾರ್: ಅಡಿಯಿಂದ ನೋಡಬೇಕಾದ ಪೆಟ್ಟಿಗೆ

ಬಾಕ್ಸ್‌ಕಾರ್ ಎಂದರೆ ಸೂರು, ಗೋಡೆ, ಎರಡೂ ಪಕ್ಕಗಳಲ್ಲಿ ಸರಿಸುವ ಬಾಗಿಲು ಇರುವ ಗೂಡ್ಸ್ ವ್ಯಾಗನ್. ಧಾನ್ಯ, ಹಿಟ್ಟಿನಂಥ ನೆನೆಯಬಾರದ ಸರಕು ಇದರಲ್ಲಿ ಸಾಗುತ್ತಿತ್ತು. ನಾನು ಬಹಳ ದಿನ ಇದರ ಗೋಡೆಯ ಹಲಗೆಗಳನ್ನೇ ನೋಡುತ್ತಿದ್ದೆ. ಇದರ ನಿಜವಾದ ಜಾಣ್ಮೆ ಇರುವುದು ನೆಲಹಲಗೆಯ ಕೆಳಗೆ.

ಉದಾಹರಣೆಗೆ ಅಮೆರಿಕದ ಕೊಲರಾಡೊದಲ್ಲಿ ವಿಲಿಯಂ ಜಾಕ್ಸನ್ ಪಾಮರ್ 1870ರಲ್ಲಿ ಸ್ಥಾಪಿಸಿದ ಡೆನ್ವರ್ ಅಂಡ್ ರಿಯೋ ಗ್ರಾಂಡ್ ರೈಲ್ವೆಯನ್ನು ತೆಗೆದುಕೊಳ್ಳೋಣ. ಪರ್ವತದ ಕಡಿದಾದ ತಿರುವುಗಳಲ್ಲಿ ಕಡಿಮೆ ಖರ್ಚಿನಲ್ಲಿ ಹಾದಿ ಮಾಡಲು ಹಳಿಗಳ ಅಂತರವನ್ನು 3 ಅಡಿಗೆ, ಅಂದರೆ 914 ಮಿಲಿಮೀಟರಿಗೆ ಇಳಿಸಿದರು. ಹಳೆಯ ಮೈಸೂರು ಸೀಮೆಯ ಮೀಟರ್‌ಗೇಜ್‌ಗಿಂತಲೂ ಇದು ಸುಮಾರು ನಾಲ್ಕು ಬೆರಳಿನಷ್ಟು ಕಿರಿದು. ಈ ಹಾದಿಗೆ 1904ರಲ್ಲಿ ಬಂದ 3000ನೇ ಸರಣಿಯ ಬಾಕ್ಸ್‌ಕಾರುಗಳ ಉದ್ದ 30 ಅಡಿ, ಹೊರುವ ಭಾರ 50,000 ಪೌಂಡ್, ಹತ್ತಿರಹತ್ತಿರ 22.7 ಮೆಟ್ರಿಕ್ ಟನ್.

ಇಷ್ಟು ಭಾರ ಹೊತ್ತ ಮರದ ತೊಲೆ ಜೋತುಬೀಳದೆ ನಿಲ್ಲುವುದು ಹೇಗೆ? ಒಂದು ತೆಳು ಮರದ ಅಡಿಪಟ್ಟಿಯ ಎರಡು ತುದಿಗಳನ್ನು ಎರಡು ಪುಸ್ತಕಗಳ ಮೇಲಿಟ್ಟು ನಡುವೆ ಒತ್ತಿ ನೋಡಿ, ಬಾಗುತ್ತದೆ. ಈಗ ಅದರ ತುದಿಯಿಂದ ತುದಿಗೆ ಕೆಳಭಾಗದಲ್ಲಿ ದಾರ ಬಿಗಿದು, ದಾರಕ್ಕೂ ಪಟ್ಟಿಗೂ ನಡುವೆ ಎರಡು ರಬ್ಬರ್ ತುಂಡುಗಳನ್ನು ಸಿಕ್ಕಿಸಿ. ಮತ್ತೆ ಒತ್ತಿದರೆ ದಾರ ಬಿಗಿದುಕೊಂಡು ರಬ್ಬರುಗಳ ಮೂಲಕ ಪಟ್ಟಿಯನ್ನು ಮೇಲಕ್ಕೆ ತಳ್ಳುತ್ತದೆ. ಬಾಕ್ಸ್‌ಕಾರಿನಲ್ಲಿ ದಾರದ ಜಾಗದಲ್ಲಿರುವುದು ಟ್ರಸ್ ರಾಡ್ ಎಂಬ ಕಬ್ಬಿಣದ ಸರಳು, ರಬ್ಬರಿನ ಜಾಗದಲ್ಲಿರುವುದು ಕ್ವೀನ್ ಪೋಸ್ಟ್ ಎಂಬ ಗಿಡ್ಡ ಆಧಾರ. ಎಳೆತವನ್ನು ಕಬ್ಬಿಣ ತಾಳಿಕೊಳ್ಳುತ್ತದೆ, ಒತ್ತಡವನ್ನು ಮರ.

ಸರಳಿನ ನಡುವೆ ಟರ್ನ್‌ಬಕಲ್ ಇದೆ. ವಿದ್ಯುತ್ ಕಂಬದ ಸ್ಟೇ ತಂತಿಯನ್ನು ಬಿಗಿಯುವ ತಿರುಪಿನಂಥದ್ದೇ ಇದು. ಇದರ ಒಂದು ಬದಿಯ ತಿರುಪಿನ ಸುರುಳಿಗೆರೆ ಬಲಕ್ಕೆ ಸುತ್ತಿದ್ದರೆ ಇನ್ನೊಂದು ಬದಿಯದು ಎಡಕ್ಕೆ. ಆದ್ದರಿಂದ ಹಾರೆ ತೂರಿಸಿ ತಿರುಗಿಸಿದರೆ ಎರಡೂ ಬದಿಯ ಸರಳು ಒಟ್ಟಿಗೆ ಒಳಕ್ಕೆ ಬರುತ್ತದೆ. ಮರ ಒಣಗಿ, ಕೀಲು ಸಡಿಲಗೊಂಡು ಗಾಡಿ ಜೋತುಬಿದ್ದಾಗ ದುರಸ್ತಿಯವರು ಹೀಗೆಯೇ ಅದರ ಬೆನ್ನು ನೆಟ್ಟಗೆ ಮಾಡುತ್ತಿದ್ದರು.

ಗೋಡೆಯಲ್ಲೂ ಇದೇ ಹಂಚಿಕೆ. ಹೊರಹಲಗೆಗೂ ಒಳಹಲಗೆಗೂ ನಡುವೆ ಅಡಗಿರುವ ಓರೆ ಮರಗಳು ಒತ್ತಡಕ್ಕೆ, ಲಂಬ ಸರಳುಗಳು ಎಳೆತಕ್ಕೆ.

ಇನ್ನು ಸೂರು. ಅದರ ನಡುವೆ ಉದ್ದಕ್ಕೂ ಹಾಸಿದ ಹಲಗೆದಾರಿ ಬ್ರೇಕ್‌ಮನ್, ಅಂದರೆ ಗಾಡಿಗಳ ಬ್ರೇಕ್ ನೋಡಿಕೊಳ್ಳುವ ಕೆಲಸಗಾರ, ನಡೆಯುವುದಕ್ಕಾಗಿ. ಈ ಹಾದಿಯಲ್ಲಿ 10,015 ಅಡಿ ಎತ್ತರದ ಕಂಬ್ರೆಸ್ ಎಂಬ ಪರ್ವತ ದಾಟುವ ಜಾಗದಿಂದ ಚಾಮಾ ಊರಿನ ಕಡೆಗೆ ಪ್ರತಿ 100 ಅಡಿಗೆ 4 ಅಡಿ ಇಳಿಜಾರು. ಇಳಿಯುವ ಮೊದಲು ಒಂದೊಂದು ಗಾಡಿಯ ರಿಟೇನರ್ ಕವಾಟವನ್ನೂ ಕೈಯಿಂದಲೇ ತಿರುಗಿಸಬೇಕಿತ್ತು. ಗಾಳಿಯ ಒತ್ತಡದಿಂದ ನಡೆಯುವ ಬ್ರೇಕಿಗೆ ಚಾಲಕ ಗಾಳಿಯನ್ನು ಮತ್ತೆ ತುಂಬಿಸಿಕೊಳ್ಳುವಾಗಲೂ ಬ್ರೇಕ್ ಪೂರ್ತಿ ಬಿಡದಂತೆ ಅದು ತಡೆಯುತ್ತದೆ. ಹಿಮ ಕಟ್ಟಿದ ಹಲಗೆಯ ಮೇಲೆ ಗಾಡಿಯಿಂದ ಗಾಡಿಗೆ ದಾಟುತ್ತಿದ್ದ ಆ ಕೆಲಸಗಾರರನ್ನು ನೆನೆದರೆ ನನಗೆ ಇಂದಿಗೂ ಮೈ ನಡುಗುತ್ತದೆ.

ಈ ಹಾದಿಯ 64 ಮೈಲಿಯನ್ನು 1970ರಲ್ಲಿ ಕೊಲರಾಡೊ ಮತ್ತು ನ್ಯೂ ಮೆಕ್ಸಿಕೊ ರಾಜ್ಯಗಳು ಕೊಂಡವು. ಕಂಬ್ರೆಸ್ ಅಂಡ್ ಟೋಲ್ಟೆಕ್ ಎಂಬ ಹೆಸರಿನಲ್ಲಿ ಅದು ಈಗಲೂ ಓಡುತ್ತಿದೆ, 3000ನೇ ಸರಣಿಯ ಗಾಡಿಗಳೂ ಅಲ್ಲಿ ಉಳಿದಿವೆ. ಅವುಗಳ ಚಿತ್ರ ಸಿಕ್ಕಿದರೆ ಮೊದಲು ಚಕ್ರಗಳ ನಡುವಿನ ನೆರಳಿನಲ್ಲಿ ಟರ್ನ್‌ಬಕಲ್ ಹುಡುಕಿ.