ವಿಜಯಪುರದ ಹಳ್ಳಿ ಶಾಲೆಯಲ್ಲಿ ಮಾಸ್ತರರು ಯಾಕೆ ನಿಲ್ಲುವುದಿಲ್ಲ?

ವರ್ಗಾವಣೆ ಪಟ್ಟಿ ಬಂದಾಗಲೆಲ್ಲ ವಿಜಯಪುರ ಜಿಲ್ಲೆಯ ಊರುಗಳಲ್ಲಿ ಒಂದೇ ಮಾತು: ‘ನಮ್ಮ ಸಾಲಿ ಮಾಸ್ತರ ಹೋದ್ರಂತ.’ ಯಾಕೆ ಅಂತ ಕೇಳಿದರೆ ಊರವರು ಒಂದು ಹೇಳುತ್ತಾರೆ, ಮಾಸ್ತರರು ಇನ್ನೊಂದು ಹೇಳುತ್ತಾರೆ, ಇಲಾಖೆ ಕಾಯ್ದೆ ತೋರಿಸುತ್ತದೆ. ಇಷ್ಟು ವರ್ಷಗಳಲ್ಲಿ ನಿಯಮದ ಮೇಲೆ ನಿಯಮ ಬಂದು ವಿಷಯ ಗೋಜಲಾಗಿದೆ. ಹಾಗಾಗಿ ಸ್ವಲ್ಪ ಹಿಂದಿನಿಂದ ನೋಡೋಣ.

ಮುಂಬೈ ರಾಜ್ಯದಲ್ಲಿದ್ದ ಜಿಲ್ಲೆ 1956ರಲ್ಲಿ ಮೈಸೂರಿಗೆ ಸೇರಿತು, 1997ರಲ್ಲಿ ಬಾಗಲಕೋಟೆ ಬೇರೆಯಾಯಿತು. ಈ ನಡುವೆ ಹಳ್ಳಿಹಳ್ಳಿಗೆ ಶಾಲೆ ಬಂತು, ಆದರೆ ವರ್ಗಾವಣೆ ಬಹುಕಾಲ ಶಿಫಾರಸಿನ ಮೇಲೇ ನಡೆಯಿತು. ಪ್ರಾದೇಶಿಕ ಅಸಮತೋಲನ ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 114 ಹಿಂದುಳಿದ ತಾಲೂಕುಗಳನ್ನು ಗುರುತಿಸಿತು. ಇಂಡಿ, ಸಿಂದಗಿ, ಮುದ್ದೇಬಿಹಾಳ ಆ ಪಟ್ಟಿಯಲ್ಲಿದ್ದವು.

ಮುಂದೆ ಈಗಿನ ಕಲ್ಯಾಣ ಕರ್ನಾಟಕಕ್ಕೆ, ಅಂದರೆ ಹಿಂದಿನ ಹೈದರಾಬಾದ್ ಕರ್ನಾಟಕದ ಜಿಲ್ಲೆಗಳಿಗೆ, ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಬಂತು. ಪಕ್ಕದ ಕಲಬುರಗಿಯಲ್ಲಿ ಸ್ಥಳೀಯರಿಗೆ ನೌಕರಿಯಲ್ಲಿ ಮೀಸಲಾತಿ ಸಿಕ್ಕಿತು, ವಿಜಯಪುರಕ್ಕೆ ಸಿಗಲಿಲ್ಲ. ಇಲ್ಲಿ ಓಡಾಡುವ ಸರ್ಕಾರಿ ಬಸ್ಸಿನ ಮೇಲೆ ‘ಕಲ್ಯಾಣ ಕರ್ನಾಟಕ’ ಅಂತ ಬರೆದಿದೆ, ಆದರೆ ಆ ಬಸ್ಸಿನಲ್ಲಿ ಶಾಲೆಗೆ ಹೋಗುವ ಮಾಸ್ತರರಿಗೆ ಕಲ್ಯಾಣ ಕರ್ನಾಟಕದ ನಿಯಮ ಇಲ್ಲ. ಭೀಮಾ ನದಿಯ ಆಚೆ ದಂಡೆಗೂ ಈಚೆ ದಂಡೆಗೂ ಬಡತನದಲ್ಲಿ ಅಂಥ ವ್ಯತ್ಯಾಸವೇನೂ ಇಲ್ಲ.

ನಿಜವಾದ ತಿರುವು 2007ರ ವರ್ಗಾವಣೆ ನಿಯಂತ್ರಣ ಕಾಯ್ದೆ. ಶಾಲೆಗಳನ್ನು ಎ, ಬಿ, ಸಿ ವಲಯ ಅಂತ ವಿಂಗಡಿಸಿದರು. ಪೇಟೆ ಎ, ದೂರದ ಹಳ್ಳಿ ಸಿ. ಹೊಸದಾಗಿ ಸೇರಿದವರಿಗೆ ಮೊದಲ ಪೋಸ್ಟಿಂಗ್ ಸಿ ವಲಯದಲ್ಲಿ. ವರ್ಗಾವಣೆ ಕೌನ್ಸೆಲಿಂಗ್‌ನಲ್ಲಿ, ಎಲ್ಲರ ಎದುರೇ. ಇದು ಸಣ್ಣ ಸುಧಾರಣೆಯಲ್ಲ. ಯಾರ ಪರಿಚಯವೂ ಇಲ್ಲದ ಎಷ್ಟೋ ಶಿಕ್ಷಕಿಯರು ಇದರಿಂದಲೇ ಮನೆ ಹತ್ತಿರದ ಶಾಲೆಗೆ ಬಂದರು.

ಆದರೆ ಕೌನ್ಸೆಲಿಂಗ್ ಕೋಣೆಯಲ್ಲಿ ಒಂದು ದಿನ ಕೂತರೆ ಇನ್ನೊಂದು ಮುಖ ಕಾಣುತ್ತದೆ. ಪರದೆಯ ಮೇಲೆ ಖಾಲಿ ಹುದ್ದೆಗಳ ಪಟ್ಟಿ. ಎಲ್ಲರ ಕೈಯಲ್ಲೂ ತಮಗೆ ಬೇಕಾದ ಶಾಲೆಗಳ ಹೆಸರು ಬರೆದ ಚೀಟಿ. ಮುಂದಿನ ನಂಬರಿನವರು ಒಂದು ಶಾಲೆ ಆರಿಸಿಕೊಂಡರೆ ಹಿಂದೆ ಕೂತವರ ಚೀಟಿಯಲ್ಲಿ ಆ ಹೆಸರಿಗೆ ಗೀಟು. ಮೊದಲು ಹೋಗುವುದು ಪೇಟೆಯೊಳಗಿನ ಶಾಲೆಗಳು, ಆಮೇಲೆ ಸೋಲಾಪುರ ಹೆದ್ದಾರಿ ಬದಿಯವು. ಸಂಜೆಗೆ ಪಟ್ಟಿಯಲ್ಲಿ ಉಳಿಯುವುದು ತಾಂಡಾ, ತೋಟದ ವಸ್ತಿ, ಬಸ್ಸಿಳಿದು ಇನ್ನೂ ನಡೆಯಬೇಕಾದ ಊರು. ದೂರದ ವಲಯದಲ್ಲಿ ದುಡಿದವರಿಗೆ ಕೌನ್ಸೆಲಿಂಗ್‌ನ ಸರದಿ ನಿರ್ಧರಿಸುವ ಸೇವಾ ಅಂಕ ಜಾಸ್ತಿ ಸಿಗುತ್ತದೆ, ಅದು ನ್ಯಾಯವೇ. ಆದರೆ ಆ ಅಂಕ ಕೈಗೆ ಹತ್ತುವುದು ಅಲ್ಲಿಂದ ಎದ್ದು ಹೋಗುವಾಗ ಮಾತ್ರ. ಅಲ್ಲೇ ಉಳಿಯುತ್ತೇನೆ ಅನ್ನುವವರಿಗೆ ಅದರಿಂದ ಏನೂ ಇಲ್ಲ, ಅಲ್ವಾ?

ಇನ್ನೊಂದು ಗಂಟು ನೇಮಕಾತಿಯಲ್ಲಿದೆ. ಪ್ರಾಥಮಿಕ ಶಾಲೆಗೆ ನೇಮಕ ಜಿಲ್ಲಾವಾರು. ಎಲ್ಲಿ ಹುದ್ದೆ ಜಾಸ್ತಿ ಖಾಲಿಯೋ ಅಲ್ಲಿಗೆ ಬೇರೆ ಜಿಲ್ಲೆಯವರೂ ಅರ್ಜಿ ಹಾಕುತ್ತಾರೆ. ಬಂದ ದಿನದಿಂದಲೇ ಮನಸ್ಸು ಸ್ವಂತ ಊರಿನ ಕಡೆ. ಕೋರಿಕೆ ಮೇಲೆ ಜಿಲ್ಲೆ ಬದಲಿಸಿದರೆ ಜ್ಯೇಷ್ಠತೆ ಹೋಗುತ್ತದೆ, ಆದರೂ ಹೋಗುತ್ತಾರೆ. ವಯಸ್ಸಾದ ತಂದೆತಾಯಿ, ಬೇರೆ ಕಡೆ ನೌಕರಿಯಲ್ಲಿರುವ ಗಂಡ ಅಥವಾ ಹೆಂಡತಿ ಇದ್ದವರನ್ನು ತಪ್ಪು ಅನ್ನಲಾಗದು. ಅವರು ಬಿಟ್ಟ ಹುದ್ದೆ ಮಾತ್ರ ಮುಂದಿನ ನೇಮಕಾತಿವರೆಗೆ ಹಾಗೇ ಇರುತ್ತದೆ. 2022ರಲ್ಲಿ ಕರೆದ 15,000 ಪದವೀಧರ ಶಿಕ್ಷಕರ ನೇಮಕಾತಿಯನ್ನೇ ನೋಡಿ. ಮೀಸಲಾತಿಗಾಗಿ ಮದುವೆಯಾದ ಮಹಿಳೆಯರು ತಂದೆಯ ಆದಾಯ ಪ್ರಮಾಣಪತ್ರ ಕೊಡಬೇಕೋ ಗಂಡನದೋ ಎಂಬ ವಿಚಾರ ಕೋರ್ಟಿಗೆ ಹೋಗಿ, ನೇಮಕಾತಿ ಆದೇಶ ಕೈಗೆ ಸಿಗುವಷ್ಟರಲ್ಲಿ 2023 ಬಂದಿತ್ತು.

ನಡುವೆ ಬಲವಂತವನ್ನೂ ಮಾಡಿ ನೋಡಿದರು. ಪೇಟೆಯಲ್ಲಿ ಹತ್ತು ವರ್ಷ ದಾಟಿದವರನ್ನು 2019ರಲ್ಲಿ ಕಡ್ಡಾಯವಾಗಿ ಹಳ್ಳಿಗೆ ಕಳಿಸಿದಾಗ ರಾಜ್ಯದೆಲ್ಲೆಡೆ ಪ್ರತಿಭಟನೆ ಎದ್ದಿತು. 2020ರಲ್ಲಿ ಹೊಸ ಕಾಯ್ದೆ ಬಂತು. ಖಾಲಿ ಹುದ್ದೆ ಮಿತಿ ಮೀರಿದ ತಾಲೂಕಿನಿಂದ ಹೊರಗೆ ಹೋಗಲು ತಡೆ ಹಾಕಿದರು. ಮಕ್ಕಳ ದೃಷ್ಟಿಯಿಂದ ಸರಿ. ಆದರೆ ಹೋಗಲು ಬಿಡದೆ ಕೂರಿಸಿದ ಶಿಕ್ಷಕರಿಗೆ ಅಲ್ಲೇ ಬಾಳಲು ಮನೆ, ಬಸ್ಸು, ಸ್ವಂತ ಮಕ್ಕಳಿಗೆ ಹೈಸ್ಕೂಲು ಯಾವುದನ್ನೂ ಆ ನಿಯಮ ಕೊಡಲಿಲ್ಲ. ಹಾಗಾಗಿ ವಿಜಯಪುರದಿಂದ ದಿನಾ ಅಪ್ ಅಂಡ್ ಡೌನ್. ಮಧ್ಯಾಹ್ನ ಮೂರಾದರೆ ಕಣ್ಣು ಗಡಿಯಾರದ ಮೇಲೆ, ಕೊನೆಯ ಬಸ್ಸು ತಪ್ಪಬಾರದು.

ದೀಪಾವಳಿ ಹೊತ್ತಿಗೆ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಗುಳೆ ಹೋಗುವ ಕುಟುಂಬಗಳ ಜೊತೆ ಮಕ್ಕಳೂ ಹೋಗುತ್ತಾರೆ. ಹಾಜರಿ ಇಳಿಯುತ್ತದೆ. ದಾಖಲಾತಿಯೂ ಇಳಿದರೆ ಇರುವ ಶಿಕ್ಷಕರಲ್ಲಿ ಒಬ್ಬರು ‘ಹೆಚ್ಚುವರಿ’ ಆಗುತ್ತಾರೆ. ಬಿಡುವ ಮನಸ್ಸಿಲ್ಲದವರೂ ಹೀಗೆ ಶಾಲೆ ಬಿಡಬೇಕಾಗುತ್ತದೆ.

ಖಾಲಿ ಜಾಗ ತುಂಬುತ್ತಿರುವವರು ಅತಿಥಿ ಶಿಕ್ಷಕರು. ಹೆಚ್ಚಿನವರು ಅದೇ ಊರಿನವರು ಇಲ್ಲವೇ ಪಕ್ಕದ ಊರಿನವರು. 2025ರವರೆಗೆ ಪ್ರಾಥಮಿಕ ಶಾಲೆಯಲ್ಲಿ ಇವರ ತಿಂಗಳ ಗೌರವಧನ 10,000 ರೂಪಾಯಿ, ಆಮೇಲೆ 2,000 ಏರಿತು. ಬೇಸಿಗೆ ರಜೆಯಲ್ಲಿ ಅದೂ ಇಲ್ಲ. ಊರು ಬಿಟ್ಟು ಹೋಗುವ ವಿಚಾರವೇ ಇಲ್ಲದ ಇವರು ಪ್ರತಿ ಜೂನ್‌ನಲ್ಲಿ ಹೊಸದಾಗಿ ಅರ್ಜಿ ಕೊಡಬೇಕು.