ಅರಿಜೋನಾದ್ದೇ ಗಿಡ, ಅಲ್ಲಿನ ಬಿಸಿಲಿಗೇ ಯಾಕೆ ಒಣಗಿತು?

ಪ್ರಶ್ನೆ: ನಾವಿರುವುದು ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್‌ನಲ್ಲಿ. 'ಅರಿಜೋನಾದ ಸ್ಥಳೀಯ ಗಿಡ' ಅಂತ ಚೀಟಿ ಇದ್ದ ಗೋಲ್ಡನ್ ಕೊಲಂಬೈನ್ ತಂದು, ಅಂಗಳದ ಕಳ್ಳಿಗಳ ಪಕ್ಕ ನೆಟ್ಟೆ. ಮರುಭೂಮಿ ಗಿಡ ಅಲ್ವಾ, ಜಾಸ್ತಿ ನೀರು ಬೇಡ ಅಂದುಕೊಂಡೆ. ಮೇ ಕೊನೆಗೆ ಎಲೆಯೆಲ್ಲ ಒಣಗಿತು. ಎಲ್ಲಿ ತಪ್ಪಿದೆ?

ಉತ್ತರ: ಚೀಟಿ ಸುಳ್ಳು ಹೇಳಿಲ್ಲ. ಅರಿಜೋನಾದಲ್ಲಿ ಎಲ್ಲಿ ಅನ್ನೋದನ್ನು ಮಾತ್ರ ಬಿಟ್ಟಿದೆ.

ನಮ್ಮ ಬಯಲುಸೀಮೆಯ ಹಳೇ ಬಾವಿ ನೆನಪು ಮಾಡಿಕೊಳ್ಳಿ. ಮೇಲೆ ಜಾಲಿ, ಕಾದ ನೆಲ. ಬಗ್ಗಿ ನೋಡಿದರೆ ಒಳಗಿನ ಕಲ್ಲುಸಂದಿಯಲ್ಲಿ ಜರಿಗಿಡ ಹಸಿರಾಗಿ ತೂಗುತ್ತಿರುತ್ತದೆ. ಅದನ್ನು ಕಿತ್ತು ಜಾಲಿ ಪಕ್ಕ ನೆಟ್ಟರೆ ಎಷ್ಟು ದಿನ ಬದುಕೀತು?

ಕೊಲಂಬೈನ್ ಕಥೆಯೂ ಅದೇ. ಅರಿಜೋನಾ, ನ್ಯೂ ಮೆಕ್ಸಿಕೋ, ಮೆಕ್ಸಿಕೋದ ಉತ್ತರ ಭಾಗದ ಬೆಟ್ಟಗಳಲ್ಲಿ ಆಳವಾದ ಕಣಿವೆಗಳಿವೆ. ಎತ್ತರದ ಬಂಡೆಗಳು ಬಿಸಿಲು ತಡೆಯುತ್ತವೆ. ಬಂಡೆಯಿಂದ ನೀರು ಜಿನುಗುತ್ತದೆ, ಕೆಳಗೆ ತೊರೆ ಹರಿಯುತ್ತದೆ. ರಾತ್ರಿ ತಣ್ಣನೆಯ ಗಾಳಿ ಮೇಲಿಂದ ಇಳಿದು ಕಣಿವೆ ತುಂಬಿಕೊಳ್ಳುತ್ತದೆ. ಆ ತೊರೆಯ ಅಂಚಿನ ಗಿಡ ಇದು. ಎಲೆ ನೋಡಿದರೇ ಗೊತ್ತಾಗುತ್ತದೆ: ಕೊತ್ತಂಬರಿ ಸೊಪ್ಪಿನ ಹಾಗೆ ತೆಳು. ಕಳ್ಳಿಯಂತೆ ನೀರು ಕೂಡಿಡುವ ದಪ್ಪ ಮೈ ಇದಕ್ಕಿಲ್ಲ.

ಹೂವಿನ ಬಗ್ಗೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಬಣ್ಣ ನಿಂಬೆಹಳದಿ. ಐದು ದಳಗಳ ಹಿಂದೆ ಐದು ಸಪೂರ ಬಾಲಗಳು, ಒಂದೊಂದೂ 4ರಿಂದ 7 ಸೆಂ.ಮೀ. ಉದ್ದ, ಒಳಗೆ ಟೊಳ್ಳು. ಮಕರಂದ ಇರುವುದು ಆ ಬಾಲದ ತುದಿಯಲ್ಲಿ. ಜೇನುನೊಣದ ನಾಲಿಗೆ ಅಲ್ಲಿಗೆ ಮುಟ್ಟುವುದಿಲ್ಲ. ಮುಸ್ಸಂಜೆಗೆ ಬರುವ ಹಾಕ್‌ಮಾತ್ ಅನ್ನೋ ದೊಡ್ಡ ಪತಂಗ ಮಾತ್ರ ಹೂವಿನ ಮುಂದೆ ಗಾಳಿಯಲ್ಲೇ ನಿಂತು, ಸುರುಳಿ ಸುತ್ತಿಟ್ಟ ಸೊಂಡಿಲು ಬಿಚ್ಚಿ ಹೀರುತ್ತದೆ. ಹೀರುವಾಗ ಮುಖಕ್ಕೆ ಪರಾಗ ಅಂಟುತ್ತದೆ. ಇಷ್ಟುದ್ದದ ಬಾಲ ಬೆಳೆಯುವುದು ಹೇಗೆ ಅಂತ 2012ರಲ್ಲಿ ವಿಜ್ಞಾನಿಗಳು ನೋಡಿದರು. ಜೀವಕೋಶಗಳ ಸಂಖ್ಯೆ ಹೆಚ್ಚಾಗುವುದಕ್ಕಿಂತ, ಇರುವ ಕೋಶಗಳೇ ಶ್ಯಾವಿಗೆ ಎಳೆದ ಹಾಗೆ ಉದ್ದವಾಗುತ್ತವಂತೆ!

ಇನ್ನು ನಿಮ್ಮ ಗಿಡ. ಸುಮ್ನೆ ಕಿತ್ತು ಬಿಸಾಡಬೇಡಿ. ಸೆಕೆ ಜಾಸ್ತಿಯಾದಾಗ ಎಲೆ ಒಣಗಿಸಿಕೊಂಡು ಬೇರು ಮಾತ್ರ ಉಳಿಸಿಕೊಳ್ಳುವುದು ಇದಕ್ಕೆ ಗೊತ್ತು. ಬುಡ ಕೆರೆದು ನೋಡಿ. ಬೇರು ಗಟ್ಟಿಯಾಗಿದ್ದರೆ ಈಗ ನೆರಳು ಕೊಟ್ಟು, ಮಣ್ಣು ಪೂರ್ತಿ ಆರದಂತೆ ನೋಡಿಕೊಳ್ಳಿ. ಅಕ್ಟೋಬರ್‌ನಲ್ಲಿ ಜಾಗ ಬದಲಿಸಿ. ಮನೆಯ ಪೂರ್ವದ ಗೋಡೆ ಪಕ್ಕ ಅಥವಾ ಮರದಡಿ ಒಳ್ಳೆಯದು. ಬೆಳಗಿನ ಎಳೆಬಿಸಿಲು ಸಾಕು, ಮಧ್ಯಾಹ್ನದ್ದು ಬೇಡವೇ ಬೇಡ. ನೀರು ನಿಲ್ಲಲೂಬಾರದು, ಬೇರು ಕೊಳೆಯುತ್ತದೆ.

ಬಹುವಾರ್ಷಿಕ ಅಂದರೂ ಒಂದು ಗಿಡದ ಆಯಸ್ಸು ಕೆಲವೇ ವರ್ಷ. ಅದಕ್ಕೇ ಕಾಯಿ ಒಣಗುವ ತನಕ ಬಿಡಿ. ಬೀಜ ತಾನೇ ಉದುರಿ ಅಲ್ಲೇ ಮರಿಗಿಡ ಏಳುತ್ತವೆ. ಬೀಜ ಕಪ್ಪಗೆ, ಹೊಳೆಯುತ್ತಿರುತ್ತದೆ. ಅಡುಗೆಗೆ ಬಳಸುವ ಕಪ್ಪು ಬೀಜ ಕಲೋಂಜಿಯೂ ಇದೇ ಕುಟುಂಬದ್ದು. ಆದರೆ ಕೊಲಂಬೈನ್ ಬೀಜ ವಿಷ. ಎತ್ತಿಡುವುದಾದರೆ ಅಡುಗೆಮನೆ ಡಬ್ಬಿಗಳಿಂದ ದೂರ, ಹೆಸರು ಬರೆದೇ ಇಡಿ.